ಸಿಡಿಲು, ಆಲಿಕಲ್ಲು, ಕೆಂಪು ಮಳೆ: ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಮಳೆ, ಗಾಳಿ, ಗುಡುಗಿನದ್ದೇ. ಟಿವಿಯಲ್ಲಿ, ಮೊಬೈಲ್‌ನಲ್ಲಿ ದೇಶವಿದೇಶದ ಸುದ್ದಿ ನೋಡಿ, ನಮ್ಮ ಕಡೆ ಆದದ್ದನ್ನೂ ಸೇರಿಸಿ ಕೇಳಿದ್ದೀರಿ. ಸಿಡಿಲಿನ ಪ್ರಶ್ನೆಗೆ ಜಾಗ ಜಾಸ್ತಿ ಕೊಟ್ಟಿದ್ದೇನೆ. ಅದು ಜೀವದ ವಿಷಯ.

ಅಕ್ಕಾ, ನಮಸ್ಕಾರ. ಭರಣಿ ಮಳೆಯಲ್ಲಿ ಹುಣಸೆ ಮರದಡಿ ಕಟ್ಟಿದ್ದ ನಮ್ಮ ಎರಡು ಹಸು ಸತ್ತವು. ಸಿಡಿಲು ಬಡಿದದ್ದು ಮರಕ್ಕೆ, ಹಸುಗಳ ಮೈಮೇಲೆ ಒಂದು ಗಾಯವೂ ಇಲ್ಲ. ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ನಮ್ಮ ಹುಡುಗನಿಗೆ ಕಾಲು ಜೋಮು ಹಿಡಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಹೀಗೇಕೆ?
— ಕೆ.ಆರ್. ಪೇಟೆ ತಾಲ್ಲೂಕಿನ ರೈತ

ಅಣ್ಣ, ಹುಡುಗ ಉಳಿದನಲ್ಲ, ಅದೇ ದೊಡ್ಡದು. ಹಸು ಹೋದ ಸಂಕಟ ನನಗೆ ಗೊತ್ತಿದೆ. ನಾನೂ ಡೇರಿಗೆ ಹಾಲು ಹಾಕಿದ ದುಡ್ಡಲ್ಲಿ ಓದಿದವಳು.

ಮರಕ್ಕೆ ಬಡಿದ ಸಿಡಿಲು ಮರದಲ್ಲೇ ಮುಗಿದುಹೋಗುವುದಿಲ್ಲ. ಬುಡಕ್ಕೆ ಇಳಿದು ನೆಲದಲ್ಲಿ ಸುತ್ತಲೂ ಹರಡುತ್ತದೆ. ಬುಡದ ಹತ್ತಿರ ವೋಲ್ಟೇಜ್ ಜಾಸ್ತಿ, ದೂರ ಹೋದಷ್ಟೂ ಕಡಿಮೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ಅಂತರ ಇರುತ್ತದೆ. ಆ ನಾಲ್ಕೈದು ಅಡಿಯಲ್ಲೇ ವೋಲ್ಟೇಜ್ ಎಷ್ಟೋ ವ್ಯತ್ಯಾಸವಾಗಿರುತ್ತದೆ. ಹಾಗಾಗಿ ಕರೆಂಟು ಒಂದು ಕಾಲಿನಿಂದ ಹತ್ತಿ, ಎದೆಯನ್ನು ದಾಟಿ, ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಹೃದಯ ಆ ದಾರಿಯಲ್ಲೇ ಇದೆ. ಅದಕ್ಕೇ ಗಾಯವಿಲ್ಲದೆ ಪ್ರಾಣ ಹೋಯಿತು. ನಿಮ್ಮ ಹುಡುಗ ದೂರ ಇದ್ದ, ಕಾಲೆರಡೂ ಒಟ್ಟಿಗಿದ್ದವು. ಹರಿದ ಅಷ್ಟಿಷ್ಟು ಕರೆಂಟು ಕಾಲಲ್ಲೇ ಹಾದುಹೋಗಿದೆ.

ಇದೇ ಕಾರಣಕ್ಕೆ 2016ರ ಆಗಸ್ಟ್‌ನಲ್ಲಿ ನಾರ್ವೆ ದೇಶದ ಹಾರ್ಡಾಂಗರ್‌ವಿಡ್ಡ ಅನ್ನುವ ಎತ್ತರದ ಬಯಲಿನಲ್ಲಿ 323 ಹಿಮಸಾರಂಗಗಳು ಒಂದೇ ಗುಡುಗು ಮಳೆಗೆ ಬಲಿಯಾದವು. ಅಲ್ಲಿ ಮರವೂ ಇರಲಿಲ್ಲ. ಗುಡುಗಿಗೆ ಹೆದರಿ ಪ್ರಾಣಿಗಳು ಒತ್ತೊತ್ತಾಗಿ ನಿಂತಿದ್ದವು, ನೆಲ ಒದ್ದೆಯಾಗಿತ್ತು. ಕುರಿ ಮೇಯಿಸುವವರು ಇದನ್ನು ಗಮನಿಸಬೇಕು. ಮೋಡ ಕಟ್ಟಿದಾಗ ಮಂದೆಯನ್ನು ಒಂದೇ ಮರದ ಕೆಳಗೆ ಕೂಡಿಹಾಕಬೇಡಿ. ಜನರ ಲೆಕ್ಕ ಹೇಳುವುದಾದರೆ, 1975ರಲ್ಲಿ ಜಿಂಬಾಬ್ವೆಯಲ್ಲಿ ಮಳೆ ಬಂತೆಂದು ಒಂದು ಗುಡಿಸಲಿಗೆ ಹೊಕ್ಕಿದ್ದ 21 ಜನ ಒಂದೇ ಸಿಡಿಲಿಗೆ ತೀರಿಕೊಂಡರು. ಗುಡಿಸಲು, ನಾಲ್ಕು ಕಂಬದ ತಗಡಿನ ಶೆಡ್ಡು, ಬಸ್ ಕಾಯುವ ತೆರೆದ ತಂಗುದಾಣ, ಇವೆಲ್ಲ ಮಳೆಗೆ ಆಸರೆ. ಸಿಡಿಲಿಗೆ ಅಲ್ಲ.

ಇನ್ನೊಂದು ಮಾತು. "ಮಳೆ ಇನ್ನೂ ಆ ಕಡೆ ಇದೆ, ಒಂದು ಸಾಲು ಕಬ್ಬು ಕಡಿದೇ ಬಿಡೋಣ" ಅಂತ ಗದ್ದೆಯಲ್ಲಿ ನಿಲ್ಲುತ್ತೇವಲ್ಲ, ಅದು ಅಪಾಯ. ಸಿಡಿಲು ನೆಟ್ಟಗೆ ಕೆಳಗೇ ಬೀಳಬೇಕೆಂದಿಲ್ಲ, ಮೋಡದೊಳಗೇ ಅಡ್ಡಡ್ಡ ಓಡುತ್ತದೆ. ಇದುವರೆಗೆ ಅಳೆದದ್ದರಲ್ಲಿ ಅತಿ ಉದ್ದದ ಮಿಂಚು 829 ಕಿ.ಮೀ. ಅಮೆರಿಕದಲ್ಲಿ, 2017ರ ಅಕ್ಟೋಬರ್ 22ರಂದು, ಟೆಕ್ಸಾಸ್‌ನ ಪೂರ್ವ ಭಾಗದಿಂದ ಕಾನ್ಸಸ್ ಸಿಟಿ ಹತ್ತಿರದವರೆಗೆ ಹೋಗಿತ್ತು. ಹೆಚ್ಚುಕಮ್ಮಿ ಬೆಂಗಳೂರಿನಿಂದ ಮುಂಬೈಗೆ ವಿಮಾನ ಹಾರುವ ದೂರ! ನೆಲದ ಮೇಲೆ ನಿಂತವರಿಗೆ ಅದು ಪೂರ್ತಿ ಕಾಣುವುದೇ ಇಲ್ಲ, ಉಪಗ್ರಹದ ಕಣ್ಣಿಗೆ ಬಿತ್ತು. ಅಷ್ಟುದ್ದದ ಮಿಂಚು ನಮ್ಮ ಕಡೆ ಬರುತ್ತದೆ ಅಂತ ಹೇಳುತ್ತಿಲ್ಲ. ಆದರೆ ಮಳೆ ಬೀಳುವ ಜಾಗದಿಂದ ಹತ್ತು, ಹದಿನೈದು ಕಿ.ಮೀ. ಆಚೆಗೂ ಸಿಡಿಲು ಬಡಿಯಬಹುದು. ಆಗ ನಿಮ್ಮ ತಲೆಯ ಮೇಲೆ ಬಿಸಿಲೇ ಇದ್ದರೂ ಇರಬಹುದು.

ನಮ್ಮ ಅಜ್ಜಿ ಗುಡುಗಿದಾಗೆಲ್ಲ "ಅರ್ಜುನಃ ಫಲ್ಗುಣಃ ಪಾರ್ಥಃ" ಹೇಳುತ್ತಿದ್ದರು. ನಿಮ್ಮ ಮನೆಗಳಲ್ಲೂ ಹೇಳುತ್ತೀರಿ. ಹೇಳಿ, ಆದರೆ ಪಕ್ಕಾ ಮನೆಯ ಒಳಗೆ ಬಂದು ಹೇಳಿ. ಅದರ ಜೊತೆ ಒಂದು ಎಣಿಕೆ ಕಲಿತುಕೊಳ್ಳಿ. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ಸೆಕೆಂಡು ಎಣಿಸಿ. ಗುಡುಗು ಕೇಳಿಸಿದಾಗ ನಿಲ್ಲಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಎಲ್ಲ ಬಿಟ್ಟು ಒಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಹೋಗಬೇಡಿ. ಮಳೆ ನಿಂತ ತಕ್ಷಣ ಮೋಟರ್ ಆನ್ ಮಾಡೋಕೆ ಓಡುವುದು, ತೆಂಗಿನ ಮರದ ಕೆಳಗೆ ಬಿದ್ದ ಕಾಯಿ ಆರಿಸೋಕೆ ಹೋಗುವುದು, ಇದರಲ್ಲೇ ಎಷ್ಟೋ ಜೀವ ಹೋಗುತ್ತವೆ. ನಮ್ಮ ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಜಾಸ್ತಿ ಜನ ಸಿಡಿಲಿಗೆ ಸಾಯುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಹೊಲಗದ್ದೆಯಲ್ಲಿ ಇದ್ದವರು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಬಹಳಷ್ಟು ಸಾವು ತಪ್ಪಿಸಬಹುದಾದದ್ದು.

ಮನೆ ದೂರ ಇದ್ದರೆ ಕಾರು, ಬಸ್ಸಿನ ಒಳಗೆ ಕೂರಬಹುದು. ಬೈಕು, ಮುಚ್ಚಿಗೆ ಇಲ್ಲದ ಟ್ರ್ಯಾಕ್ಟರ್ ಬೇಡ. ಏನೂ ಸಿಗದಿದ್ದರೆ ಮರ, ತಂತಿಬೇಲಿ, ಕರೆಂಟ್ ಕಂಬ, ನೀರಿನಿಂದ ದೂರ ಹೋಗಿ, ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಮಲಗಬೇಡಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅನ್ನುವುದು ಸುಳ್ಳು, ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆಯ ನಡುವೆ ಜೋರಾಗಿ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮೊಬೈಲ್‌ನಲ್ಲಿ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ, ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯದು. ಸುತ್ತಮುತ್ತ ಸಿಡಿಲಿದ್ದರೆ ಎಚ್ಚರಿಕೆ ಕೊಡುತ್ತದೆ.

ಹಸುವಿನ ಪರಿಹಾರಕ್ಕೆ ಪಶು ವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ಹೂಳುವ ಮುಂಚೆಯೇ ಅದನ್ನು ಮಾಡಿಸಬೇಕು, ಫೋಟೊ ತೆಗೆದಿಡಬೇಕು, ಗ್ರಾಮ ಆಡಳಿತ ಅಧಿಕಾರಿಗೆ (ಹಿಂದೆ ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವು) ಹೇಳಬೇಕು. ನೀವು ಮಾಡಿಸಿದ್ದೀರೋ ಇಲ್ಲವೋ ಬರೆದಿಲ್ಲ. ಬೇರೆಯವರಾದರೂ ನೆನಪಿಟ್ಟುಕೊಳ್ಳಲಿ ಅಂತ ಹೇಳಿದೆ.

ಏಳು ಸಲ ಸಿಡಿಲು ಬಡಿದೂ ಬದುಕಿದ ಮನುಷ್ಯ ಇದ್ದನಂತೆ, ನಿಜಾನಾ ಮೇಡಂ?
— ಕಾಲೇಜು ವಿದ್ಯಾರ್ಥಿ, ಮೈಸೂರು

ನಿಜ. ಹೆಸರು ರಾಯ್ ಸಲಿವನ್. ಅಮೆರಿಕದ ವರ್ಜೀನಿಯಾದ ಶೆನಾಂಡೊವಾ ರಾಷ್ಟ್ರೀಯ ಉದ್ಯಾನದಲ್ಲಿ ಕಾವಲುಗಾರ. 1942ರಿಂದ 1977ರ ನಡುವೆ ಏಳು ಸಲ ಬಡಿಯಿತು. ಇದರಲ್ಲಿ ಪವಾಡ ಹುಡುಕಬೇಕಾಗಿಲ್ಲ. ಗುಡುಗು ಜಾಸ್ತಿ ಇರುವ ಬೆಟ್ಟದ ಸಾಲಿನಲ್ಲಿ, ಬಯಲಲ್ಲೇ ಇರುವ ಕೆಲಸ ಅವರದು. ನಮ್ಮ ಫಾರೆಸ್ಟ್ ವಾಚರ್‌ಗಳ ಪಾಡೂ ಹೀಗೇ ಅಲ್ವಾ? ಮಿಂಚು ಎಲ್ಲಕ್ಕಿಂತ ಹೆಚ್ಚು ಕಾಣುವ ಜಾಗ ಕೇಳಿದರೆ, ಅದು ವೆನೆಜುವೆಲಾದ ಮರಕೈಬೋ ಸರೋವರ. ಕೆಟಟುಂಬೊ ನದಿ ಅಲ್ಲಿ ಸೇರುತ್ತದೆ. ಹಗಲು ಕಾದ ನೀರಿನ ಹಬೆ, ರಾತ್ರಿ ಬೆಟ್ಟದಿಂದ ಇಳಿಯುವ ತಂಪು ಗಾಳಿ, ಎರಡೂ ಸೇರಿ ವರ್ಷದಲ್ಲಿ ಮುಕ್ಕಾಲು ಪಾಲು ರಾತ್ರಿ ಮಿಂಚುತ್ತಲೇ ಇರುತ್ತದೆ.

ನಮ್ಮ ಬಾಳೆ ತೋಟದ ಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿದ್ದು ಎಲೆಯೆಲ್ಲ ಚಿಂದಿಯಾಯಿತು. ಇದಕ್ಕಿಂತ ದೊಡ್ಡದು ಎಲ್ಲಾದರೂ ಬಿದ್ದಿದೆಯಾ? ಮುಂಗಾರಿನಲ್ಲಿ ಯಾಕೆ ಬೀಳುವುದಿಲ್ಲ?
— ನಂಜನಗೂಡು ತಾಲ್ಲೂಕಿನ ಓದುಗರು

ಬಿದ್ದಿದೆ. ಅಮೆರಿಕದ ಸೌತ್ ಡಕೋಟಾದ ವಿವಿಯನ್ ಅನ್ನುವ ಊರಲ್ಲಿ 2010ರ ಜುಲೈ 23ರಂದು ಬಿದ್ದ ಕಲ್ಲಿನ ಅಡ್ಡಳತೆ 20 ಸೆಂ.ಮೀ., ತೂಕ 880 ಗ್ರಾಂ. ಸಿಕ್ಕವರು ಅದನ್ನು ಫ್ರೀಜರ್‌ನಲ್ಲಿಟ್ಟರು. ಅದೇ ಮಳೆಗೆ ಕರೆಂಟ್ ಹೋಗಿ, ಅಳೆಯುವ ಹೊತ್ತಿಗೆ ಒಂದಷ್ಟು ಕರಗಿಹೋಗಿತ್ತು. ತೂಕದಲ್ಲಿ ದಾಖಲೆ ಬಾಂಗ್ಲಾದೇಶದ್ದು. ಗೋಪಾಲಗಂಜ್‌ನಲ್ಲಿ 1986ರ ಏಪ್ರಿಲ್ 14ರಂದು ಬಿದ್ದದ್ದು 1.02 ಕೆ.ಜಿ. ಆ ದಿನ 92 ಜನ ಸತ್ತರು. ಎಲ್ಲಕ್ಕಿಂತ ಘೋರ ನಮ್ಮ ದೇಶದಲ್ಲೇ ಆಗಿದೆ. 1888ರ ಏಪ್ರಿಲ್ 30, ಉತ್ತರ ಪ್ರದೇಶದ ಮೊರಾದಾಬಾದ್. ಆಲಿಕಲ್ಲಿಗೆ 246 ಜನ ಬಲಿಯಾದರು. ಅಷ್ಟು ದೊಡ್ಡ ಸಾವಿನ ಲೆಕ್ಕ ಆಲಿಕಲ್ಲಿನ ಇತಿಹಾಸದಲ್ಲಿ ಇನ್ನೊಂದಿಲ್ಲ.

ತಿಂಗಳು ಗಮನಿಸಿದಿರಾ? ನಮ್ಮ ಕಡೆಯ ಎರಡೂ ಏಪ್ರಿಲ್‌ನದ್ದೇ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಚೆನ್ನಾಗಿ ಕಾದಿರುತ್ತದೆ. ಬಿಸಿ ಗಾಳಿ ರಭಸದಿಂದ ಮೇಲೇಳುತ್ತದೆ, ಮೋಡ ಹತ್ತು ಹದಿನೈದು ಕಿ.ಮೀ. ಎತ್ತರಕ್ಕೆ ಬೆಳೆಯುತ್ತದೆ. ಮೇಲೆ ಕೊರೆಯುವ ಚಳಿ. ನೀರಿನ ಹನಿ ಮಂಜುಗಡ್ಡೆಯಾಗಿ, ಕೆಳಗಿನ ಗಾಳಿ ಅದನ್ನು ಬೀಳಲು ಬಿಡದೆ ಎತ್ತಿ ಹಿಡಿದಷ್ಟು ಹೊತ್ತೂ ಅದಕ್ಕೆ ನೀರು ಅಂಟಿ ಹೆಪ್ಪುಗಟ್ಟುತ್ತಾ ಹೋಗುತ್ತದೆ. ತೂಕ ತಡೆಯಲಾಗದೆ ಹೋದಾಗ ಬೀಳುತ್ತದೆ. ಆಷಾಢ, ಶ್ರಾವಣದ ಜಡಿಮಳೆಯ ಮೋಡದಲ್ಲಿ ಆ ರಭಸ ಇರುವುದಿಲ್ಲ. ಸಣ್ಣ ಚೂರು ಹುಟ್ಟಿದರೂ ದಾರಿಯಲ್ಲೇ ಕರಗಿ ನೀರಾಗುತ್ತದೆ.

ಮುಂದಿನ ಸಲ ದೊಡ್ಡದು ಸಿಕ್ಕರೆ, ಮಳೆ ಪೂರ್ತಿ ನಿಂತ ಮೇಲೆ, ಒಂದನ್ನು ಚಾಕುವಿನಿಂದ ಎರಡು ಹೋಳು ಮಾಡಿ ನೋಡಿ. ಈರುಳ್ಳಿ ಕೊಯ್ದಂತೆ ಒಳಗೆ ಸುತ್ತು ಕಾಣುತ್ತದೆ. ಒಂದು ಸುತ್ತು ಗಾಜಿನ ಹಾಗೆ ತಿಳಿ, ಇನ್ನೊಂದು ಹಾಲಿನ ಬಣ್ಣ. ನಿಧಾನವಾಗಿ ಹೆಪ್ಪುಗಟ್ಟಿದಾಗ ಒಳಗಿನ ಗಾಳಿ ಹೊರಗೆ ಹೋಗಿ ತಿಳಿಯಾಗುತ್ತದೆ. ತಟಕ್ಕನೆ ಗಟ್ಟಿಯಾದಾಗ ಗಾಳಿಯ ಗುಳ್ಳೆ ಸಿಕ್ಕಿಹಾಕಿಕೊಂಡು ಬಿಳಿಯಾಗುತ್ತದೆ. ಇನ್ನೊಂದು ಕಲ್ಲನ್ನು ಸ್ಕೇಲ್ ಪಕ್ಕ ಇಟ್ಟು ಫೋಟೊ ತೆಗೆಯಿರಿ. ಬೆಳೆ ಹಾನಿ ಅರ್ಜಿಯ ಜೊತೆಗೂ ಇಡಬಹುದು.

ಟೀಚರ್, ನಮ್ಮ ಮನೆ ಅಂಗಳದಲ್ಲಿ ತೂಗುಹಾಕಿದ ಥರ್ಮಾಮೀಟರ್ 47 ಡಿಗ್ರಿ ತೋರಿಸಿತು. ಪೇಪರಿನಲ್ಲಿ ಮಂಡ್ಯಕ್ಕೆ 37 ಅಂತ ಹಾಕಿದ್ದರು. ಯಾವುದು ಸರಿ? ಪ್ರಪಂಚದ ದಾಖಲೆ ಎಷ್ಟು?
— 9ನೇ ತರಗತಿ ವಿದ್ಯಾರ್ಥಿನಿ, ಮಳವಳ್ಳಿ

ಒಳ್ಳೆ ಪ್ರಶ್ನೆ ಪುಟ್ಟಿ. ನಿನ್ನ ಥರ್ಮಾಮೀಟರ್ ಸುಳ್ಳು ಹೇಳಿಲ್ಲ. ಅದು ಹೇಳಿದ್ದು ಬಿಸಿಲಲ್ಲಿ ಕಾದ ತನ್ನದೇ ಬಿಸಿಯನ್ನು, ಗಾಳಿಯ ಬಿಸಿಯನ್ನಲ್ಲ. ಹವಾಮಾನದವರು ಅಳೆಯುವುದು ನೆರಳಿನಲ್ಲಿರುವ ಗಾಳಿಯನ್ನು.

ನಾನು ಮಂಡ್ಯದಲ್ಲಿ ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹುಲ್ಲಿನ ಅಂಗಳದಲ್ಲಿ, ಎದೆಯ ಮಟ್ಟಕ್ಕೆ ಕಾಲು ಕೊಟ್ಟು ನಿಲ್ಲಿಸಿದ ಬಿಳಿ ಮರದ ಪೆಟ್ಟಿಗೆ. ಗೋಡೆಗೆ ಪಟ್ಟಿ ಪಟ್ಟಿಯಾಗಿ ಸಂದು ಇರುತ್ತದೆ, ಗಾಳಿ ಹೋಗಿ ಬರಲಿ, ಬಿಸಿಲು ಬಾರದಿರಲಿ ಅಂತ. ಬಾಗಿಲು ಉತ್ತರಕ್ಕೆ, ತೆರೆದಾಗಲೂ ಬಿಸಿಲು ಒಳಗೆ ಬೀಳಬಾರದು. ಒಳಗೆ ನಾಲ್ಕು ಥರ್ಮಾಮೀಟರ್. ಒಂದರ ತುದಿಗೆ ತೆಳು ಬಟ್ಟೆ ಸುತ್ತಿ, ದಾರ ಇಳಿಬಿಟ್ಟು ಪುಟ್ಟ ನೀರಿನ ಶೀಶೆಯಲ್ಲಿ ಅದ್ದಿರುತ್ತಾರೆ. ಅದರಿಂದ ಗಾಳಿಯ ತೇವ ಎಷ್ಟೆಂದು ತಿಳಿಯುತ್ತದೆ. ನಿಮ್ಮ ಸೈನ್ಸ್ ಮೇಷ್ಟ್ರಿಗೆ ಹೇಳಿ, ಅನುಮತಿ ಕೇಳಿ ಒಮ್ಮೆ ಹೋಗಿ ನೋಡಿ ಬನ್ನಿ.

ಪ್ರಪಂಚದ ದಾಖಲೆ 56.7 ಡಿಗ್ರಿ, ಅಮೆರಿಕದ ಡೆತ್ ವ್ಯಾಲಿ, 1913ರ ಜುಲೈ 10. ಹಳೆಯ ಪುಸ್ತಕಗಳಲ್ಲಿ ಲಿಬಿಯಾದ ಅಲ್ ಅಜೀಜಿಯಾ, 58 ಡಿಗ್ರಿ, 1922ರ ಸೆಪ್ಟೆಂಬರ್ 13 ಅಂತ ಇರುತ್ತದೆ. ಅದನ್ನು ವಿಶ್ವ ಹವಾಮಾನ ಸಂಸ್ಥೆ 2012ರಲ್ಲಿ ತೆಗೆದುಹಾಕಿತು. ಈ ಕಥೆ ನನಗೆ ಬಹಳ ಇಷ್ಟ. ಬೇರೆ ಬೇರೆ ದೇಶದ ತಜ್ಞರು ಕೂತು 90 ವರ್ಷ ಹಳೆಯ ದಾಖಲೆ ಪುಟವನ್ನು ಪರೀಕ್ಷಿಸಿದರು. ತಂಡದಲ್ಲಿದ್ದ ಲಿಬಿಯಾದ ಹವಾಮಾನ ಅಧಿಕಾರಿ 2011ರ ಕ್ರಾಂತಿಯ ಗಲಾಟೆಯಲ್ಲಿ ತಿಂಗಳುಗಟ್ಟಲೆ ಸಂಪರ್ಕಕ್ಕೇ ಸಿಗಲಿಲ್ಲ. ಅವರು ಮತ್ತೆ ಸಿಕ್ಕ ಮೇಲೆ ಕೆಲಸ ಮುಂದುವರಿಯಿತು. ಆ ಪುಟದಲ್ಲಿ ಬರೆಯುವವರ ಕೈ ಬದಲಾಗಿತ್ತು. ಹೊಸಬರು ಅಂಕಿಗಳನ್ನು ತಪ್ಪು ಕಾಲಂನಲ್ಲಿ ಬರೆದಿದ್ದರು. ಆ ಹಳೇ ಥರ್ಮಾಮೀಟರ್‌ನ ಒಳಗಿನ ಗುರುತುಕಡ್ಡಿಯನ್ನು ತಪ್ಪು ತುದಿಯಿಂದ ಓದಿದರೆ ಸುಮಾರು 7 ಡಿಗ್ರಿ ಜಾಸ್ತಿ ಕಾಣುತ್ತಿತ್ತು. ಸುತ್ತಮುತ್ತಲ ಊರುಗಳ ಅಂಕಿಗೂ ಅದು ಹೊಂದುತ್ತಿರಲಿಲ್ಲ. ಒಂದು ಅಂಕಿಗಾಗಿ ಇಷ್ಟು ಕಷ್ಟಪಟ್ಟರಲ್ಲ, ಅದು ದೊಡ್ಡ ಗುಣ.

ಕಡಿಮೆಯಲ್ಲಿ ದಾಖಲೆ ಅಂಟಾರ್ಕ್ಟಿಕಾದ ವೋಸ್ಟೋಕ್, 1983ರ ಜುಲೈ 21, ಸೊನ್ನೆಗಿಂತ 89.2 ಡಿಗ್ರಿ ಕೆಳಗೆ. ಇನ್ನೊಂದನ್ನೂ ಬರೆದುಕೋ. ಕೆನಡಾ ಅಂದರೆ ಚಳಿ ದೇಶ ಅಂತ ಪಾಠದಲ್ಲಿ ಓದಿರುತ್ತೀಯ. ಅಲ್ಲಿನ ಲಿಟನ್ ಅನ್ನುವ ಹಳ್ಳಿಯಲ್ಲಿ 2021ರ ಜೂನ್ 29ರಂದು 49.6 ಡಿಗ್ರಿ ಆಯಿತು. ಆ ದೇಶದ ಹಿಂದಿನ ದಾಖಲೆ 45. ಮಾರನೇ ದಿನವೇ ಬೆಂಕಿ ಬಿದ್ದು ಊರಿನ ಬಹುಪಾಲು ಸುಟ್ಟುಹೋಯಿತು. ದಾಖಲೆ ಮುರಿಯುವಾಗ ಅರ್ಧ ಡಿಗ್ರಿ, ಒಂದು ಡಿಗ್ರಿ ಏರುವುದು ರೂಢಿ. ಒಂದೇ ಸಲ 4.6 ಡಿಗ್ರಿ ಏರಿದ್ದು ನೋಡಿ ವಿಜ್ಞಾನಿಗಳೇ ದಂಗಾದರು. ಮನುಷ್ಯರಿಂದ ಭೂಮಿ ಬಿಸಿಯಾಗದೇ ಇದ್ದಿದ್ದರೆ ಇಂಥದ್ದು ಹೆಚ್ಚುಕಮ್ಮಿ ಆಗುತ್ತಲೇ ಇರಲಿಲ್ಲ ಅಂತ ಲೆಕ್ಕ ಹಾಕಿ ಹೇಳಿದ್ದಾರೆ.

ಎರಡೇ ನಿಮಿಷದಲ್ಲಿ ಚಳಿಗಾಲ ಹೋಗಿ ಬೇಸಿಗೆ ಬಂದ ಊರು ಇದೆಯಂತೆ?
— ಶ್ರೀರಂಗಪಟ್ಟಣದ ಓದುಗರು

ಸೌತ್ ಡಕೋಟಾದ ಸ್ಪಿಯರ್‌ಫಿಶ್. 1943ರ ಜನವರಿ 22ರ ಬೆಳಿಗ್ಗೆ ಮೈನಸ್ 20 ಇದ್ದದ್ದು ಎರಡು ನಿಮಿಷದಲ್ಲಿ 7 ಡಿಗ್ರಿಗೆ ಏರಿತು. ಬೆಟ್ಟ ಇಳಿದು ಬರುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಅದು ಚಳಿ ಗಾಳಿಯನ್ನು ಪಕ್ಕಕ್ಕೆ ತಳ್ಳಿತು. ಬೆಳಿಗ್ಗೆ ಒಂಬತ್ತರ ಮೇಲೆ 27 ನಿಮಿಷದಲ್ಲಿ ಮತ್ತೆ ಮೈನಸ್ 20ಕ್ಕೆ ಇಳಿಯಿತು. ಕಿಟಕಿ ಗಾಜುಗಳು ಸೀಳಿದವು.

ಒಂದೇ ದಿನ ಅತಿ ಹೆಚ್ಚು ಮಳೆ ಬಿದ್ದದ್ದು ಚಿರಾಪುಂಜಿಯಲ್ಲೇ ತಾನೇ? ಮಳೆಯೇ ಬಾರದ ಜಾಗ ಯಾವುದು?
— ಕುವೆಂಪುನಗರ, ಮೈಸೂರು

ಅಲ್ಲ. ಒಂದು ದಿನದ ದಾಖಲೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ್ದು. 1966ರ ಜನವರಿ 7 ಮತ್ತು 8ರ ನಡುವೆ, ಅಲ್ಲಿನ ಫಾಕ್-ಫಾಕ್ ಅನ್ನುವ ಎತ್ತರದ ಜಾಗದಲ್ಲಿ, 24 ಗಂಟೆಗೆ 1,825 ಮಿ.ಮೀ. ನಮ್ಮ ಮೈಸೂರು, ಮಂಡ್ಯಕ್ಕೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800. ಅಂದರೆ ನಮ್ಮ ಎರಡು ವರ್ಷದ ಮಳೆಗಿಂತ ಜಾಸ್ತಿ ಒಂದೇ ದಿನಕ್ಕೆ! ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ 4,047 ಲೀಟರ್ ನೀರು. ಲೆಕ್ಕ ಹಾಕಿ, ಆ ದಿನ ಅಲ್ಲಿ ಎಕರೆಗೆ ಸುಮಾರು 74 ಲಕ್ಷ ಲೀಟರ್. ಚಂಡಮಾರುತ ಬಂದು ಕಡಿದಾದ ಬೆಟ್ಟಕ್ಕೆ ಬಡಿದದ್ದೇ ಕಾರಣ. ಬೆಟ್ಟ ಗಾಳಿಯನ್ನು ಮೇಲಕ್ಕೆ ನೂಕುತ್ತದೆ, ಮೇಲೆ ಹೋದದ್ದು ತಂಪಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ಆಗುವುದೂ ಇದೇ. ಘಟ್ಟ ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಮೋಡದಲ್ಲಿ ಉಳಿದಿರುವುದು ಸ್ವಲ್ಪವೇ.

ಚಿರಾಪುಂಜಿಯ ದಾಖಲೆ ಒಂದು ವರ್ಷದ್ದು. 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26,470 ಮಿ.ಮೀ. ಸರಾಸರಿಯಲ್ಲಿ ಮುಂದಿರುವುದು ಪಕ್ಕದ ಮಾಸಿನ್ರಾಮ್, ವರ್ಷಕ್ಕೆ 11,800 ಮಿ.ಮೀ. ಮೇಲೆ. ಅಲ್ಲಿ ಕೆಲಸ ಮಾಡುವವರು ಬಿದಿರು, ಎಲೆಯಲ್ಲಿ ಹೆಣೆದ, ಬೆನ್ನು ಪೂರ್ತಿ ಮುಚ್ಚುವ ಮರೆ ಹೊದ್ದುಕೊಳ್ಳುತ್ತಾರೆ, ನಮ್ಮ ಮಲೆನಾಡಿನ ಗೊರಬಿನ ಥರದ್ದೇ. ಇಷ್ಟಾದರೂ ಚಳಿಗಾಲದಲ್ಲಿ ಚಿರಾಪುಂಜಿಯ ಹೆಂಗಸರು ಕುಡಿಯುವ ನೀರಿಗೆ ದೂರ ನಡೆಯಬೇಕು. ನೀರು ಇಂಗುವುದಿಲ್ಲ, ಇಳಿಜಾರಿನಲ್ಲಿ ಹರಿದು ಬಾಂಗ್ಲಾದೇಶಕ್ಕೆ ಹೋಗುತ್ತದೆ. ನಮ್ಮ ಕೆರೆಗಳನ್ನು ಒತ್ತುವರಿಯಿಂದ ಉಳಿಸಿಕೊಳ್ಳಿ ಅಂತ ನಾನು ಪದೇ ಪದೇ ಬರೆಯುವುದು ಇದಕ್ಕೇ.

ಮಳೆ ಬಾರದ ಜಾಗ ಚಿಲಿ ದೇಶದ ಅರಿಕಾ. 1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ 173 ತಿಂಗಳು ಒಂದು ಹನಿಯೂ ದಾಖಲಾಗಲಿಲ್ಲ. ಅದೇ ದೇಶದ ಕರಾವಳಿಯ ಕೆಲವು ಕಡೆ ಬಲೆ ಕಟ್ಟಿ ಸಮುದ್ರದ ಮಂಜನ್ನು ಹಿಡಿದು ನೀರು ಮಾಡಿಕೊಳ್ಳುತ್ತಾರೆ.

ಕೇರಳದಲ್ಲಿ ರಕ್ತದ ಮಳೆ ಬಂದಿತ್ತು ಅಂತ ನಮ್ಮ ಅಜ್ಜ ಹೇಳುತ್ತಾರೆ.
— ಎಚ್.ಡಿ. ಕೋಟೆ

2001ರ ಜುಲೈನಿಂದ ಕೊಟ್ಟಾಯಂ, ಇಡುಕ್ಕಿ ಕಡೆ ಕೆಂಪು ಮಳೆ ಬಂದದ್ದು ನಿಜ, ಬಿಳಿ ಬಟ್ಟೆ ಕೆಂಪಾಗಿತ್ತು. ರಕ್ತ ಅಲ್ಲ. ಮರದ ತೊಗಟೆ, ಬಂಡೆ ಮೇಲೆ ಬೆಳೆಯುವ ಒಂದು ಪಾಚಿಯ ಬೀಜಕಣಗಳು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಅಜ್ಜನಿಗೆ ಇದನ್ನು ಓದಿ ಹೇಳಿ.

ದುಬೈನಲ್ಲಿ ಪ್ರವಾಹ ಬಂದದ್ದು ಮೋಡ ಬಿತ್ತನೆಯಿಂದ ಅಂತ ವಾಟ್ಸಾಪ್‌ನಲ್ಲಿ ಬಂತು. ಹಾಗಾದರೆ ಬರ ಬಂದಾಗ ನಮ್ಮ ಸರ್ಕಾರವೂ ಕೆ.ಆರ್.ಎಸ್. ಮೇಲೆ ಮಾಡಬಹುದಲ್ವಾ?
— ಪಾಂಡವಪುರ

2024ರ ಏಪ್ರಿಲ್ 16ರ ಮಳೆ ಅದು. ದುಬೈ ಇರುವ ಯುಎಇ ದೇಶದಲ್ಲೇ, ಅಲ್ ಐನ್ ಅನ್ನುವ ಊರಿನ ಹತ್ತಿರ ಒಂದು ದಿನದೊಳಗೆ 254 ಮಿ.ಮೀ. ಬಿತ್ತು. ಆ ಮೋಡಗಳ ಸಾಲು ಒಮನ್, ಬಹರೇನ್ ಮೇಲೂ ಹಾದುಹೋಗಿತ್ತು. ದೊಡ್ಡ ಮಳೆ ಬರುತ್ತದೆ ಅಂತ ಹವಾಮಾನದವರು ಮೊದಲೇ ಹೇಳಿದ್ದರು. ವಿಮಾನದಿಂದ ಉಪ್ಪಿನ ಪುಡಿ ಚೆಲ್ಲಿ ಅಷ್ಟು ದೊಡ್ಡ ಮೋಡ ಹುಟ್ಟಿಸಲು ಯಾರಿಂದಲೂ ಆಗುವುದಿಲ್ಲ. ಇರುವ ಮೋಡದಿಂದ ಸ್ವಲ್ಪ ಜಾಸ್ತಿ ಹಿಂಡಬಹುದು, ಅಷ್ಟೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳುವ ನೀರಾವಿ ಸುಮಾರು 7 ಪರ್ಸೆಂಟ್ ಹೆಚ್ಚುತ್ತದೆ. ಸುರಿದಾಗ ಒಟ್ಟಿಗೇ ಸುರಿಯಲು ಇದೂ ಒಂದು ಕಾರಣ.

ನಮ್ಮ ರಾಜ್ಯದಲ್ಲೂ ಮಾಡಿ ನೋಡಿದ್ದಾರೆ. 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಅಂತ ಹೆಸರು. ಬರಗಾಲದಲ್ಲಿ ಆಕಾಶದಲ್ಲಿ ಬಿತ್ತಲು ಬೇಕಾದ ಮೋಡವೇ ಇರುವುದಿಲ್ಲ, ಅದೇ ತೊಂದರೆ. ಆ ದುಡ್ಡನ್ನು ಕೆರೆ ಹೂಳೆತ್ತಲು, ನಾಲೆಯ ಕೊನೆ ಭಾಗಕ್ಕೂ ನೀರು ತಲುಪಿಸಲು ಹಾಕಿದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಮನೆಯಲ್ಲೇ ಮಳೆ ಅಳೆಯಬಹುದಾ? ಖರ್ಚು ಜಾಸ್ತಿಯಾ?
— ಮದ್ದೂರಿನ ಗೃಹಿಣಿ

ಖರ್ಚೇ ಇಲ್ಲ ತಾಯಿ. ಎರಡು ಲೀಟರ್ ತಂಪುಪಾನೀಯದ ಬಾಟಲಿ ಸಾಕು. ಮೇಲೆ ಕಿರಿದಾಗುವ ಜಾಗದಲ್ಲಿ ಕತ್ತರಿಸಿ, ಆ ತುಂಡನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಬಾಯಿಗೆ ಕೂರಿಸಿ. ಅದೇ ಆಲಿಕೆ. ತಳ ಉಬ್ಬುತಗ್ಗು ಇರುತ್ತದೆ, ಕಲ್ಲು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿಸಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಬಾಟಲಿ ನೇರವಾಗಿದ್ದರೆ ನೀರು ಎಷ್ಟು ಮಿ.ಮೀ. ಏರಿತೋ ಅಷ್ಟು ಮಿ.ಮೀ. ಮಳೆ. ತೆಂಗಿನ ಮರ, ಗೋಡೆ, ಸೂರಿನಿಂದ ದೂರ ಇಡಿ.

ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ನೀವೂ ಅದೇ ಹೊತ್ತಿಗೆ ನೋಡಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆದಿಡಿ. ನಿಮ್ಮ ಪಂಚಾಯಿತಿ ಮಟ್ಟದಲ್ಲೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕ ಇದೆ, ಅದರ ಅಂಕಿ ಜೊತೆ ಹೋಲಿಸಿ ನೋಡಬಹುದು. ಓದಿದ ಮೇಲೆ ನೀರನ್ನು ಸೊನ್ನೆ ಗೆರೆಗೆ ತಂದುಬಿಡಿ. ಬಿಸಿಲಿಗೆ ಆರಿ ಕೆಳಗಿಳಿದಿದ್ದರೆ ಮತ್ತೆ ತುಂಬಿಸಿ. ಎರಡು ಮೂರು ದಿನಕ್ಕೊಮ್ಮೆ ಆ ನೀರು ಬದಲಿಸದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಮಳೆ ಬಾರದ ದಿನ 0 ಅಂತ ಬರೆಯಲೇಬೇಕು. ಖಾಲಿ ಬಿಟ್ಟರೆ ಆ ದಿನ ಮಳೆ ಬರಲಿಲ್ಲವೋ, ನೀವು ಊರಲ್ಲಿರಲಿಲ್ಲವೋ ಆಮೇಲೆ ಗೊತ್ತಾಗುವುದಿಲ್ಲ.